ಪಾತ್ರಕ್ಕೆ ದುಡ್ಡು ಕೊಡೋದು ನಟ, ಲೆಕ್ಕಕ್ಕೆ ಬರೋದು ಉತ್ಸವ: ಮಂಡ್ಯ, ಮದ್ದೂರು, ಮಳವಳ್ಳಿ ಕಲಾವಿದರ ಪಾಡೇನು?

ಮಂಡ್ಯ: 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಜಾನಪದಕ್ಕೆ ದುಡಿದ ಹಿರಿಯರು. 1994ರಲ್ಲಿ ಇದೇ ಮಂಡ್ಯದಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದಾಗ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದವರೂ ಅವರೇ. ಅದಕ್ಕೂ 20 ವರ್ಷ ಹಿಂದೆ, 1974ರಲ್ಲಿ ಜಯದೇವಿತಾಯಿ ಲಿಗಾಡೆ ಅವರು ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಕೂತಿದ್ದೂ ಮಂಡ್ಯದ ವೇದಿಕೆಯಲ್ಲೇ. ಐವತ್ತು ವರ್ಷದಲ್ಲಿ ಮೂರು ಸಲ. ಇಂಥ ಭಾಗ್ಯ ಎಲ್ಲ ಊರಿಗೂ ಸಿಗೋದಿಲ್ಲ.

ಮೂರನೇ ಸಮ್ಮೇಳನದಲ್ಲಿ ಪುಸ್ತಕಕ್ಕಿಂತ ಬಾಡೂಟದ ಬೇಡಿಕೆಯೇ ಹೆಚ್ಚು ಸುದ್ದಿಯಾಯ್ತು. ಊರವರ ಊಟ ಊರಲ್ಲಿ ನಡೆಯೋ ಹಬ್ಬದ ಎಲೆಗೆ ಯಾಕೆ ಬರಬಾರದು ಅನ್ನೋದು ಆ ಬೇಡಿಕೆಯ ತಿರುಳು. ಪೆಂಡಾಲ್ ಬಿಚ್ಚಿದ ಮೇಲೆ ಆ ಚರ್ಚೆ ನಿಂತೋಯ್ತು. ಆದರೆ ಅದೇ ಪ್ರಶ್ನೆಯನ್ನ ಇನ್ನೊಂದು ಕಡೆಗೂ ತಿರುಗಿಸಿ ಕೇಳಬೇಕಾಗಿದೆ. ಊರವರ ಕಲೆ ಊರಲ್ಲಿ ನಡೆಯೋ ಸರ್ಕಾರಿ ಹಬ್ಬದಲ್ಲಿ ಎಷ್ಟು ಹೊತ್ತು, ಯಾವ ಹೊತ್ತು, ಎಷ್ಟು ಸಂಭಾವನೆಗೆ ಇರ್ತದೆ? ಹಬ್ಬ ಇಲ್ಲದ ದಿನ ಅದನ್ನ ಯಾರು ಸಾಕ್ತಾರೆ?

ಟಿಕೆಟ್ ಇಲ್ಲದ ನಾಟಕ, ದುಡ್ಡು ಕೊಡೋ ನಟ

ಜಿಲ್ಲೆಯ ಅತಿ ದೊಡ್ಡ ಸಾಂಸ್ಕೃತಿಕ ಚಟುವಟಿಕೆ ಯಾವುದು ಅಂತ ಯಾರಾದ್ರೂ ಕೇಳಿದ್ರೆ ಜಲಪಾತೋತ್ಸವ, ಶ್ರೀರಂಗಪಟ್ಟಣ ದಸರಾ ಅಂತ ಹೆಸರು ಹೇಳ್ತೀವಿ. ತಲೆ ಎಣಿಸಿ ನೋಡಿದ್ರೆ ಉತ್ತರ ಬೇರೆ. ಹಳ್ಳಿ ಹಳ್ಳಿಯಲ್ಲಿ ನಡೆಯೋ ಪೌರಾಣಿಕ ನಾಟಕವೇ ಮೊದಲು. ‘ಕುರುಕ್ಷೇತ್ರ’, ‘ದಾನಶೂರ ಕರ್ಣ’, ‘ಶನಿಪ್ರಭಾವ’, ‘ದಕ್ಷಯಜ್ಞ’, ‘ಸಂಪೂರ್ಣ ರಾಮಾಯಣ’. ಸುಗ್ಗಿ ಮುಗಿದು ಜಾತ್ರೆ ಶುರುವಾಯ್ತು ಅಂದ್ರೆ ಗೋಡೆ ಗೋಡೆ ಮೇಲೆ ಪೋಸ್ಟರು, ಸರ್ಕಲ್ ಸರ್ಕಲ್‌ನಲ್ಲಿ ಕಿರೀಟ ತೊಟ್ಟವರ ಫ್ಲೆಕ್ಸು. ಮಂಡ್ಯದ ಕಲಾಮಂದಿರದಲ್ಲಿ ಹಗಲು ಹೊತ್ತೇ ದುರ್ಯೋಧನ ಆರ್ಭಟಿಸ್ತಾ ಇರ್ತಾನೆ.

ಹೊರಗಿನಿಂದ ಬಂದವರಿಗೆ ಈ ನಾಟಕದ ಹಣಕಾಸು ಬೇಗ ಅರ್ಥ ಆಗೋದಿಲ್ಲ. ಎಲ್ಲ ಕಡೆ ನೋಡುವವನು ಟಿಕೆಟ್ ಕೊಳ್ತಾನೆ, ಆಡುವವನು ಸಂಬಳ ತಗೋತಾನೆ. ನಮ್ಮಲ್ಲಿ ಪ್ರೇಕ್ಷಕ ಬಿಟ್ಟಿ, ನಟ ಪಾತ್ರ ಕೊಳ್ತಾನೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಅರ್ಜುನ, ಶಕುನಿ ಅಂತ ಒಂದೊಂದು ಪಾತ್ರಕ್ಕೂ ಒಂದೊಂದು ಮೊತ್ತ. ಹಾಡು, ಕಂದ ಹೆಚ್ಚಿದ್ದ ಪಾತ್ರ ದುಬಾರಿ. ಬಯಸೋರು ಜಾಸ್ತಿ ಇದ್ರೆ ಒಂದೇ ರಾತ್ರಿಗೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಪಾಲು ಮಾಡ್ತಾರೆ. ಆ ದುಡ್ಡಲ್ಲೇ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಡ್ರೆಸ್ಸು, ಮೇಕಪ್ಪು, ಲೈಟು, ಮೈಕು, ಹಾರ್ಮೋನಿಯಂ, ತಬಲ, ಸ್ತ್ರೀಪಾತ್ರದವರ ಸಂಭಾವನೆ, ಬಂದವರಿಗೆ ಊಟ ಎಲ್ಲ ಆಗಬೇಕು.

ಎರಡು ಮೂರು ತಿಂಗಳು ದಿನಾ ಸಂಜೆ ದೇವಸ್ಥಾನದ ಜಗಲಿಯಲ್ಲೋ ಶಾಲೆ ಕೊಠಡಿಯಲ್ಲೋ ಪ್ರಾಕ್ಟೀಸು. ಗದ್ದೆಯಿಂದ ಬಂದವನು, ಆಟೋ ಓಡಿಸಿ ಬಂದವನು, ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಬಂದವನು, ರಿಟೈರ್ ಆದ ಮೇಷ್ಟ್ರು ಎಲ್ಲ ಒಂದೇ ಚಾಪೆ ಮೇಲೆ. ಓದು ಬರಹ ಬಾರದವರೂ ನೂರಾರು ಸಾಲು ಬಾಯಿಪಾಠ ಮಾಡಿ ಶ್ರುತಿಗೆ ಸೇರಿಸಿ ಹಾಡ್ತಾರೆ. ಇದಕ್ಕೆ ಸರ್ಕಾರದ್ದು ಒಂದು ರೂಪಾಯಿ ಬೇಕಾಗಿಲ್ಲ.

ಈ ಪದ್ಧತಿಯನ್ನ ಆಡಿಕೊಳ್ಳೋರೂ ಇದ್ದಾರೆ. ದುಡ್ಡಿದ್ದವನೇ ಕೃಷ್ಣ, ಕಂಠ ಇದ್ದವನು ದ್ವಾರಪಾಲಕ ಅಂತಾರೆ. ಅದರಲ್ಲಿ ಹುರುಳೂ ಇದೆ. ನೋಡೋರು ದುಡ್ಡು ಕೊಡದ ಕಾರಣ ಚೆನ್ನಾಗಿಲ್ಲ ಅನ್ನೋ ಹಕ್ಕು ಅವರ ಕೈಯಲ್ಲಿ ಉಳಿದಿಲ್ಲ. ಮಧ್ಯರಾತ್ರಿ ಯುದ್ಧ ನಿಲ್ಲಿಸಿ ಗಣ್ಯರಿಗೆ ಹಾರ, ಶಾಲು ಹಾಕಿದ್ರೂ ಕೇಳೋರಿಲ್ಲ. ಆದರೆ ಒಂದು ಮಾತು ಮರೀಬಾರದು. ಸಿನಿಮಾ ಬಂತು, ಟಿವಿ ಬಂತು, ಮೊಬೈಲ್ ಬಂತು. ಟಿಕೆಟ್ ನಂಬಿಕೊಂಡಿದ್ದ ಕಂಪನಿ ನಾಟಕಗಳ ಟೆಂಟು ಒಂದೊಂದಾಗಿ ಎದ್ದು ಹೋದವು. ನಮ್ಮ ಹಳ್ಳಿ ನಾಟಕ ಉಳೀತು. ಪ್ರೇಕ್ಷಕನ ಜೇಬನ್ನ ನೆಚ್ಚಿಕೊಳ್ಳದೆ ಆಡೋನ ಆಸೆಯನ್ನ ನೆಚ್ಚಿಕೊಂಡಿದ್ದರಿಂದಲೇ ಅದು ಉಳಿದದ್ದು.

ನಾಲೆ ನೀರಿಗೂ ನಾಟಕಕ್ಕೂ ಏನು ಸಂಬಂಧ?

ಆ ಆಸೆಗೆ ದುಡ್ಡು ಎಲ್ಲಿಂದ ಬರ್ತದೆ? ಬಹುಪಾಲು ಗದ್ದೆಯಿಂದ. ಕೆಆರ್‌ಎಸ್ ಕಟ್ಟಿ, ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮೈಷುಗರ್ ಕಂಪನಿ ಬಂದ ಮೇಲೆ ಮಂಡ್ಯ ಸೀಮೆಯ ರೈತನ ಕೈಗೆ ವರ್ಷಕ್ಕೊಂದು ಸಲ ರೊಕ್ಕ ಬರೋದು ಶುರುವಾಯ್ತು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯೂ ಆಯ್ತು. ಕಬ್ಬಿನ ಬಿಲ್ಲು, ಭತ್ತದ ದುಡ್ಡು ಬಂದ ಹೊತ್ತಿಗೇ ಜಾತ್ರೆ, ಮದುವೆ, ನಾಟಕ ಬರೋದು. ಇದು ಕಾಕತಾಳೀಯ ಅಲ್ಲ.

ಹಾಗಾಗಿ ಇಲ್ಲಿ ಕಲೆಗೂ ಬರಗಾಲ ಬರ್ತದೆ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಟ್ಟದ್ದಕ್ಕೆ ಮಂಡ್ಯ ಬೀದಿಗಿಳಿಯಿತು. 2025ರಲ್ಲಿ ಜೂನ್ ತಿಂಗಳಲ್ಲೇ ಅಣೆಕಟ್ಟೆ 124.80 ಅಡಿ ಮುಟ್ಟಿತು. ಬೆಳೆ ಇಲ್ಲದ ವರ್ಷ ಮೊದಲು ಮುಂದಕ್ಕೆ ಹೋಗೋದು ಮನೆ ರಿಪೇರಿ, ಆಮೇಲೆ ನಾಟಕ. ರೈತನಿಗೆ ಮುಂದಿನ ವರ್ಷ ಪಾತ್ರ ಮಾಡ್ತೀನಿ ಬುಡಿ ಅಂದ್ರೆ ನಡೀತದೆ. ಅದನ್ನೇ ನಂಬಿದ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಮೇಕಪ್‌ನವರಿಗೆ ಈ ವರ್ಷದ ಅಕ್ಕಿಗೆ ಏನು ದಾರಿ?

ದುಡ್ಡು ಕೊಟ್ಟು ಬಣ್ಣ ಹಚ್ಚೋರು, ಬಣ್ಣ ಹಚ್ಚಿ ದುಡಿಯೋರು

ಒಂದೇ ವೇದಿಕೆ ಮೇಲೆ ಎರಡು ಥರದ ಜನ ನಿಂತಿರ್ತಾರೆ. ಒಬ್ಬರು ಹವ್ಯಾಸಕ್ಕೆ ಬಂದವರು, ಇನ್ನೊಬ್ಬರು ಹೊಟ್ಟೆಪಾಡಿಗೆ ಬಂದವರು. ದ್ರೌಪದಿ, ಕುಂತಿ, ರುಕ್ಮಿಣಿ, ಭಾನುಮತಿ, ಉತ್ತರೆ ಪಾತ್ರಕ್ಕೆ ಬರೋ ಹೆಣ್ಣುಮಕ್ಕಳು ಹೆಚ್ಚಾಗಿ ಎರಡನೇ ಗುಂಪಿನವರು. ಇವತ್ತು ಮದ್ದೂರು ಕಡೆ ಹಳ್ಳಿ, ನಾಳೆ ಮಳವಳ್ಳಿ ಕಡೆ, ನಾಡಿದ್ದು ಇನ್ನೊಂದು ಜಿಲ್ಲೆ. ಪ್ರತಿ ಊರಲ್ಲೂ ಹೊಸ ಸಹನಟ, ಅವನ ತಪ್ಪನ್ನೂ ಸರಿದೂಗಿಸಿಕೊಂಡು ಬೆಳಗಿನವರೆಗೆ ಹಾಡಬೇಕು. ಅಭ್ಯಾಸ ಇಲ್ಲದ ದುಶ್ಯಾಸನ ಸೆರಗಿಗೆ ಕೈ ಹಾಕೋ ದೃಶ್ಯದಲ್ಲಿ ಅವನನ್ನೂ ಸಂಭಾಳಿಸಿ, ತನ್ನ ಮರ್ಯಾದೆಯನ್ನೂ ಕಾಪಾಡಿಕೊಂಡು ನಿಲ್ಲೋದು ಕಮ್ಮಿ ಕಸುಬಲ್ಲ.

ನಾಟಕವನ್ನ ನಿಜಕ್ಕೂ ಎತ್ತಿ ಹಿಡಿಯೋರು ಇವರು. ಆದರೂ ಫ್ಲೆಕ್ಸ್‌ನಲ್ಲಿ ಇವರ ಫೋಟೋ ಕೊನೇ ಸಾಲಿನಲ್ಲಿ. ಬಣ್ಣ ಬದಲಿಸೋಕೆ ಮರೆ ಇರ್ತದೋ ಇಲ್ಲವೋ, ಶೌಚಾಲಯ ಇರ್ತದೋ ಇಲ್ಲವೋ, ಬೆಳಗಿನ ಜಾವ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರೋರು ಇರ್ತಾರೋ ಇಲ್ಲವೋ ಅನ್ನೋದು ಆಯಾ ಊರವರ ಒಳ್ಳೆತನಕ್ಕೆ ಬಿಟ್ಟದ್ದು. ವೃತ್ತಿ ರಂಗಭೂಮಿಯ ಹೆಸರಾಂತ ನಟಿ ಸುಂದರಮ್ಮನವರ ಹೆಸರಿನ ಹಿಂದೆ ಮಳವಳ್ಳಿ ಅಂತ ಊರ ಹೆಸರು ಇದೆ. ಊರಿಗೆ ಹೆಸರು ತಂದ ಕಸುಬಿನ ಹೆಣ್ಣುಮಕ್ಕಳಿಗೆ ಅದೇ ಊರಿನ ಸುತ್ತಮುತ್ತ ಒಂದು ಬಾಗಿಲಿರೋ ಗ್ರೀನ್ ರೂಮು ಕೊಡೋಕೆ ನಮಗೆ ಇನ್ನೂ ಆಗಿಲ್ಲ ಅಂದ್ರೆ ಹೇಗೆ?

ಮಂಡ್ಯ ನಗರದಲ್ಲಿ ಕಲಾಮಂದಿರ ಇದೆ, ಕರ್ನಾಟಕ ಸಂಘದಲ್ಲಿ ‘ನಿತ್ಯ ಸಚಿವ’ ಕೆ.ವಿ. ಶಂಕರಗೌಡರ ಹೆಸರಿನ ಶತಮಾನೋತ್ಸವ ಭವನ ಇದೆ. ಪೌರಾಣಿಕ ನಾಟಕದವರು, ಹೊಸ ನಾಟಕ ಮಾಡೋ ಹವ್ಯಾಸಿ ಹುಡುಗರು, ಭರತನಾಟ್ಯ ಕಲಿಯೋ ಮಕ್ಕಳು, ಸಂಘ ಸಂಸ್ಥೆಗಳ ಸನ್ಮಾನ ಸಮಾರಂಭ ಎಲ್ಲ ಸೇರಿ ಬೆರಳೆಣಿಕೆಯ ಈ ಜಾಗಗಳಿಗೇ ಬರಬೇಕು. ತಾಲ್ಲೂಕಿನಲ್ಲಾದ್ರೆ ಊರ ಮುಂದಿನ ಬಯಲು, ಶಾಲೆ ಮೈದಾನ, ಇಲ್ಲಾ ಕಲ್ಯಾಣ ಮಂಟಪ. ಮದುವೆ ಮುಹೂರ್ತ ಇರೋ ತಿಂಗಳಲ್ಲಿ ಕಲ್ಯಾಣ ಮಂಟಪ ಮದುವೆಯವರಿಗೇ ಸಾಲಲ್ಲ, ನಾಟಕದವರಿಗೆಲ್ಲಿ ಸಿಗ್ತದೆ?

ಮಳವಳ್ಳಿ: ತಂಬೂರಿ ಹಿಡಿದವರ ಲೆಕ್ಕ

ನಾಟಕದವರು ತಮ್ಮ ಖರ್ಚು ತಾವೇ ನೋಡಿಕೊಳ್ತಾರೆ ಅಂತ ಇಟ್ಟುಕೊಳ್ಳೋಣ. ಹಾಗೆ ನೋಡಿಕೊಳ್ಳೋಕೆ ಆಗದ ಕಲೆಗಳ ಕತೆಯೇ ಬೇರೆ. ಅದಕ್ಕೆ ಮಳವಳ್ಳಿ ತಾಲ್ಲೂಕಿಗಿಂತ ಒಳ್ಳೆ ಉದಾಹರಣೆ ಇಲ್ಲ.

ಮಂಟೇಸ್ವಾಮಿಯ ಗದ್ದುಗೆ ಇರೋ ಬೊಪ್ಪೇಗೌಡನಪುರ, ಅಂದ್ರೆ ಜನ ಕರೆಯೋ ಬಿ.ಜಿ. ಪುರ, ಇರೋದು ಮಳವಳ್ಳಿ ತಾಲ್ಲೂಕಿನಲ್ಲಿ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕತೆಯನ್ನ ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯೆಲ್ಲ ಹಾಡೋ ನೀಲಗಾರರ ಪರಂಪರೆ ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರು ಈ ಮೂರು ನೆಲೆಗಳ ನಡುವೆ ಹಬ್ಬಿದೆ. ಹಾಡೋರಲ್ಲಿ ಹೆಚ್ಚಿನವರು ದಲಿತರು. ಜಾತಿ ಅಹಂಕಾರವನ್ನ, ಶರಣರ ಡಂಭವನ್ನೂ ನಿಲ್ಲಿಸಿ ಕೇಳೋ ಕಾವ್ಯ ಅದು. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ ಬರೆದಾಗ ಬೆಂಗಳೂರಿನ ರಂಗಭೂಮಿ ಇದನ್ನ ಬೆರಗಿನಿಂದ ನೋಡಿತು. ವಿಶ್ವವಿದ್ಯಾಲಯಗಳು ಸಂಗ್ರಹಿಸಿ ಪುಸ್ತಕ ಮಾಡಿದವು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ನಮ್ಮ ಸೀಮೆಯ ಬಸ್ಸು, ಟೀ ಅಂಗಡಿ, ಟ್ರ್ಯಾಕ್ಟರ್‌ಗಳಲ್ಲೆಲ್ಲ ಕೂಗಿದವು.

ಆದರೆ ನೀಲಗಾರ ಪಾತ್ರ ಕೊಳ್ಳೋನಲ್ಲ. ಹರಕೆ ಹೊತ್ತ ಮನೆಯವರು ಕರೀಬೇಕು, ರಾತ್ರಿ ಕತೆ ಮಾಡಿಸಬೇಕು, ಕೊಟ್ಟಷ್ಟು ಈಸ್ಕೋಬೇಕು. ರಾತ್ರಿಯೆಲ್ಲ ಕೂತು ಕತೆ ಕೇಳೋ ಮನೆ ಕಮ್ಮಿಯಾಗಿವೆ. ಮೊಬೈಲ್‌ನಲ್ಲಿ ಹಾಡಿನ ತುಣುಕು ಸಿಗ್ತದೆ, ಇಡೀ ಕತೆ ಸಿಗಲ್ಲ. ಮಗ ಗಾರೆ ಕೆಲಸಕ್ಕೋ ಬೆಂಗಳೂರಿಗೋ ಹೋದ ಮೇಲೆ ತಂಬೂರಿ ಗೋಡೆಗೆ ನೇತು ಬೀಳ್ತದೆ. ಇಷ್ಟು ದೊಡ್ಡ ಕಾವ್ಯ ಒಂದೆರಡು ತಲೆಯಲ್ಲಿ ಮಾತ್ರ ಪೂರ್ತಿ ಉಳಿಯೋ ಕಾಲ ಬಂದ್ರೆ ಅದು ಮಳವಳ್ಳಿಗೊಂದೇ ನಷ್ಟ ಅಲ್ಲ.

ಜಾನಪದ ಸಂಗ್ರಹದಲ್ಲಿ ಕರ್ನಾಟಕಕ್ಕೇ ದಾರಿ ತೋರಿಸಿದ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಇಬ್ಬರೂ ನಮ್ಮ ನಾಗಮಂಗಲ ತಾಲ್ಲೂಕಿನವರು. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಮಾಡಿದರು. ನಮ್ಮ ಮಕ್ಕಳು ಪ್ರವಾಸಕ್ಕೆ ಹೋಗಿ ಅಲ್ಲಿ ಗಾಜಿನ ಹಿಂದೆ ಇಟ್ಟಿರೋ ವಾದ್ಯ ನೋಡಿ ಬರ್ತಾರೆ. ಅದೇ ವಾದ್ಯ ನುಡಿಸೋ ಅಜ್ಜ ಪಕ್ಕದ ಬೀದಿಯಲ್ಲೇ ಇರ್ತಾನೆ. ಅವನನ್ನ ಶಾಲೆಗೆ ಒಂದು ದಿನ ಕರೆಯೋಕೆ ಯಾವ ಬಜೆಟ್ಟೂ ಬೇಕಾಗಿಲ್ಲ.

ಮದ್ದೂರು: ಮೆರವಣಿಗೆ ಮುಂದೆ ಯಾರು?

ಪೂಜಾ ಕುಣಿತ, ಪಟ ಕುಣಿತ, ತಮಟೆ, ವೀರಗಾಸೆ, ಸೋಮನ ಕುಣಿತ. ಇವುಗಳ ಅನ್ನ ಇರೋದು ಮೆರವಣಿಗೆಯಲ್ಲಿ. ಬಿದಿರ ಚೌಕಟ್ಟಿಗೆ ಸೀರೆ, ದೇವಿಯ ಮುಖವಾಡ ಕಟ್ಟಿ ತಲೆ ಮೇಲೆ ಹೊತ್ತು ಕೈ ಬಿಟ್ಟು ಕುಣಿಯೋ ಪೂಜಾ ಕುಣಿತ ಮಂಡ್ಯ, ರಾಮನಗರ ಸೀಮೆಯ ಹೆಗ್ಗುರುತು. ಮಾರಮ್ಮನ ಹಬ್ಬ, ಮಳವಳ್ಳಿಯ ಸಿಡಿ ಹಬ್ಬ, ಗಣೇಶನ ವಿಸರ್ಜನೆ, ರಾಜ್ಯೋತ್ಸವ ಇವೇ ಇವರ ಸೀಸನ್ನು.

ಆ ಜಾಗಕ್ಕೆ ಈಗ ಡಿಜೆ ಬಂದಿದೆ. ಒಂದು ಲಾರಿ, ಎರಡು ಗೋಡೆ ಸ್ಪೀಕರು ಇದ್ದರೆ ಹತ್ತು ತಂಡದ ಕೆಲಸ ಹೋಯ್ತು. ಹುಡುಗರಿಗೆ ಕುಣಿಯೋಕೆ ಡಿಜೆ ಬೇಕು ಅನ್ನೋದು ನಿಜ. ಆದರೆ ತಮಟೆಯವನು ಜನ ನೋಡಿ ಬಾರಿಸ್ತಾನೆ, ಹಿರಿಯರು ಸಾಕು ಅಂದ್ರೆ ನಿಲ್ಲಿಸ್ತಾನೆ, ಮಸೀದಿ ಆಗಲಿ ಆಸ್ಪತ್ರೆ ಆಗಲಿ ಮುಂದೆ ಬಂದ್ರೆ ಕೈ ತಗ್ಗಿಸ್ತಾನೆ. ಊರಿನ ಮೆರವಣಿಗೆಗೆ ಊರಿನ ಹಿಡಿತ ಇದ್ದದ್ದು ಹೀಗೆ.

ಆ ಹಿಡಿತ ಸಡಿಲಾದ್ರೆ ಏನಾಗ್ತದೆ ಅನ್ನೋದನ್ನ ಮದ್ದೂರು ನೋಡಿದೆ. 2025ರ ಸೆಪ್ಟೆಂಬರ್ 7ರಂದು ಗಣೇಶ ವಿಸರ್ಜನೆ ಮೆರವಣಿಗೆ ವೇಳೆ ಕಲ್ಲು ತೂರಾಟ ನಡೆಯಿತು. ಮಾರನೇ ದಿನ ಪ್ರತಿಭಟನೆ, ಲಾಠಿ ಪ್ರಹಾರ, ನಿಷೇಧಾಜ್ಞೆ, ಆಮೇಲೆ ಬಂದ್. ಕಲ್ಲು ಎಸೆದವರ ತಪ್ಪನ್ನ ಕೋರ್ಟು ನೋಡಿಕೊಳ್ಳಲಿ, ಯಾರು ಯಾರನ್ನ ಕೆಣಕಿದ್ರು ಅನ್ನೋದು ತನಿಖೆಯ ವಿಷಯ. ಈ ಬರಹದ ಲೆಕ್ಕ ಬೇರೆ. ಅಂಗಡಿಯವರ ನಷ್ಟ ಎಲ್ಲರೂ ಮಾತಾಡಿದ್ರು. ಪೊಲೀಸ್ ಬಂದೋಬಸ್ತಿನಲ್ಲಿ ನಡೆಯೋ ಹಬ್ಬಕ್ಕೆ ಆರ್ಕೆಸ್ಟ್ರಾದವರನ್ನ, ಪೂಜಾ ಕುಣಿತದವರನ್ನ, ಹರಿಕತೆಯವರನ್ನ ಕರೆಯೋದು ಕಷ್ಟ. ಅವರ ಸೀಸನ್ ಇರೋದೇ ವರ್ಷದಲ್ಲಿ ಕೆಲವು ವಾರ.

ಮದ್ದೂರಿಗೆ ಇದಕ್ಕಿಂತ ದೊಡ್ಡ ನೆನಪುಗಳಿವೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ನೆಲ ಇದು, ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಹಳ್ಳಿಯ ಬಡವರ ಬದುಕನ್ನ ಕತೆ ಮಾಡಿದ ಡಾ. ಬೆಸಗರಹಳ್ಳಿ ರಾಮಣ್ಣನವರ ಊರು ಇದೇ ತಾಲ್ಲೂಕಿನಲ್ಲಿದೆ, ಅವರ ಹೆಸರಿನ ಕಥಾ ಪ್ರಶಸ್ತಿಗೆ ನಾಡಿನ ಕತೆಗಾರರು ಎದುರು ನೋಡ್ತಾರೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರು ವಡೆಗೆ ನಿಲ್ತಿದ್ದ ಕಾರುಗಳು ಬೈಪಾಸಲ್ಲಿ ಹಾರಿ ಹೋಗ್ತಿವೆ. ಹೊರಗಿನವರು ಬಂದು ನಿಲ್ಲಬೇಕು ಅಂದ್ರೂ, ಊರೊಳಗಿನ ಎಲ್ಲ ಜಾತಿ ಧರ್ಮದ ಹುಡುಗರು ಒಂದೇ ಚಾಪೆ ಮೇಲೆ ಕೂರಬೇಕು ಅಂದ್ರೂ, ಊರಿಗೆ ತನ್ನದೇ ಆದ ಒಂದು ರಂಗ ಬೇಕು. ನಾಟಕದ ಪ್ರಾಕ್ಟೀಸಿನಲ್ಲಿ ಜೊತೆಗೆ ಕೂತು ಟೀ ಕುಡಿದವನ ಮನೆ ಮೇಲೆ ಕಲ್ಲು ಎಸೆಯೋಕೆ ಕೈ ಬೇಗ ಏಳೋದಿಲ್ಲ.

ಅರ್ಜಿ ಇದೆ, ಕಾಗದ ಇಲ್ಲ

ಸರ್ಕಾರ ಏನೂ ಮಾಡಿಲ್ಲ ಅನ್ನೋದು ಸುಳ್ಳು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಕಲಾವಿದರ ಮಾಸಾಶನ ಇದೆ. ಸಂಘ ಸಂಸ್ಥೆಗಳಿಗೆ ಧನಸಹಾಯ, ವಾದ್ಯ ಪರಿಕರಕ್ಕೆ ನೆರವು ಇದೆ. ‘ಚಿಗುರು’, ‘ಯುವ ಸೌರಭ’, ‘ಜಾನಪದ ಜಾತ್ರೆ’ ಅಂತ ಕಾರ್ಯಕ್ರಮಗಳಿವೆ. ಸಿಕ್ಕು ಇರೋದು ಅದು ತಲುಪೋ ದಾರಿಯಲ್ಲಿ.

ಮಾಸಾಶನಕ್ಕೆ ವಯಸ್ಸು 58 ಆಗಿರಬೇಕು, ವರ್ಷಗಟ್ಟಲೆ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ, ಫೋಟೋ, ಪೇಪರ್ ಕಟಿಂಗು. ನಾಟಕದವನ ಹತ್ರ ಕರಪತ್ರ ಇರ್ತದೆ, ಅದರಲ್ಲಿ ಅವನ ಹೆಸರೂ ಇರ್ತದೆ. ಸಾವಿನ ಮನೆ, ಮಾರಮ್ಮನ ಹಬ್ಬಕ್ಕೆ ನಲವತ್ತು ವರ್ಷ ತಮಟೆ ಬಡಿದವನ ಹೆಸರನ್ನ ಯಾವ ಕರಪತ್ರದಲ್ಲಿ ಹಾಕಿದ್ರು? ಮದುವೆ ಮನೆಯಲ್ಲಿ ಸೋಬಾನೆ ಹಾಡಿದ ಅಜ್ಜಿಗೆ ಪ್ರಮಾಣಪತ್ರ ಕೊಟ್ಟೋರು ಯಾರು? ಕಲೆ ಇದ್ದವರ ಹತ್ರ ಕಾಗದ ಇಲ್ಲ, ಕಾಗದ ಹೊಂದಿಸಬಲ್ಲವರ ಹತ್ರ ಕಲೆ ಇದೆಯೋ ಇಲ್ಲವೋ ನೋಡೋರಿಲ್ಲ. ಅರ್ಜಿ ಸೇವಾಸಿಂಧುಗೆ ಹೋದ ಮೇಲೆ ಸೈಬರ್ ಸೆಂಟರ್‌ನವರ ಕೈ ಹಿಡೀಬೇಕಾಯ್ತು.

ಇದನ್ನ ಕೇಳೋಕೆ ತಾಲ್ಲೂಕು ಮಟ್ಟದಲ್ಲಿ ಚುನಾಯಿತರೂ ಇಲ್ಲದ ಹಾಗಾಯ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಎಂಎಲ್‌ಎ ಮನೆ ಬಾಗಿಲಿಗೆ ಹೋಗೋಕೆ ತಮಟೆ ಕಲಾವಿದನಿಗೆ ಧೈರ್ಯ ಸಾಲಲ್ಲ.

ಹಾಗಾದ್ರೆ ಏನು ಮಾಡಬಹುದು?

ಕೋಟಿಗಟ್ಟಲೆ ದುಡ್ಡಿನ ಹೊಸ ಭವನ ಕೇಳೋದು ಸುಲಭ. ಶಂಕುಸ್ಥಾಪನೆ ಕಲ್ಲು ನೆಟ್ಟು ಹೋಗ್ತಾರೆ, ಕಲ್ಲಿನ ಸುತ್ತ ಪಾರ್ಥೇನಿಯಂ ಬೆಳೀತದೆ. ಇರೋದರಲ್ಲೇ ಆಗೋ ಕೆಲಸ ಐದು ಇವೆ.

ಒಂದು, ಕಲಾವಿದರ ಪಟ್ಟಿ ಮಾಡೋ ಕೆಲಸ ಗ್ರಾಮ ಪಂಚಾಯಿತಿಗೆ ಬರಲಿ. ಗ್ರಾಮಸಭೆಯಲ್ಲಿ ಹೆಸರು ಓದಲಿ. ಇವರು ತಮಟೆಯವರು ಹೌದು, ಇವರು ಸೋಬಾನೆ ಹಾಡ್ತಾರೆ ಹೌದು ಅಂತ ಊರವರೇ ಹೇಳಿದ ನಡಾವಳಿಯನ್ನ ಇಲಾಖೆ ದಾಖಲೆ ಅಂತ ಒಪ್ಪಲಿ.

ಎರಡು, ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ. ಅಲ್ಲಿ ಕಂಪ್ಯೂಟರ್ ಇದ್ದರೆ, ಊರಿನ ನೀಲಗಾರರ ಕತೆ, ಸೋಬಾನೆ, ರಂಗಗೀತೆಯನ್ನ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ಇಡೋಕೆ ದೊಡ್ಡ ಸ್ಟುಡಿಯೋ ಬೇಡ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಟ್ಟರೆ ಅದೇ ನಾಳೆ ಅವರ ಅರ್ಜಿಗೂ ಆಗ್ತದೆ.

ಮೂರು, ಜಲಪಾತೋತ್ಸವ, ದಸರಾ, ರಾಜ್ಯೋತ್ಸವ ಯಾವುದೇ ಇರಲಿ, ಸಂಜೆ ಜನ ಸೇರೋ ಹೊತ್ತಿನಲ್ಲಿ ಒಂದು ಗಂಟೆ ಜಿಲ್ಲೆಯ ಕಲಾವಿದರಿಗೆ ಅಂತ ಲಿಖಿತವಾಗಿ ಇಡಲಿ. ಮಧ್ಯಾಹ್ನ ಮೂರು ಗಂಟೆಗೆ ಖಾಲಿ ಕುರ್ಚಿ ಮುಂದೆ ಪೂಜಾ ಕುಣಿತ, ರಾತ್ರಿ ತುಂಬಿದ ಮೈದಾನದಲ್ಲಿ ಸಿನಿಮಾ ಗಾಯಕರು ಅನ್ನೋ ಪದ್ಧತಿ ಸಾಕು. ಸಂಭಾವನೆ ಅವತ್ತೇ ಖಾತೆಗೆ ಹೋಗಲಿ.

ನಾಲ್ಕು, ತಾಲ್ಲೂಕಿಗೊಂದು ಸರ್ಕಾರಿ ಜಾಗವನ್ನ ನಾಟಕಕ್ಕೆ ಅಂತ ಗುರುತು ಮಾಡಲಿ. ಹೊಸ ಕಟ್ಟಡ ಬೇಡ. ಇರೋ ಸಭಾಂಗಣಕ್ಕೆ ಬಾಗಿಲಿರೋ ಎರಡು ಬಣ್ಣದ ಕೋಣೆ, ಶೌಚಾಲಯ, ಲೈಟು. ಸ್ಥಳೀಯ ತಂಡಕ್ಕೆ ಬಾಡಿಗೆ ವಿನಾಯಿತಿ.

ಐದು, ಸುಗ್ಗಿ ಇಲ್ಲದ ತಿಂಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನ, ಅನುಭವಿ ನಟಿಯರನ್ನ ಸರ್ಕಾರಿ ಶಾಲೆಗೆ ಕರೆಸಲಿ. ಪ್ರತಿಭಾ ಕಾರಂಜಿಗೆ ಮಕ್ಕಳನ್ನ ರೆಡಿ ಮಾಡೋಕೆ ಯೂಟ್ಯೂಬ್ ನೋಡೋ ಬದಲು ಊರಿನ ಮೇಷ್ಟ್ರೇ ಕಲಿಸಲಿ. ಮಕ್ಕಳಿಗೆ ಶ್ರುತಿ ಸಿಗ್ತದೆ, ಅವರಿಗೆ ಬೇಸಿಗೆ ಕಳೆಯೋಕೆ ನಾಲ್ಕು ಕಾಸು ಸಿಗ್ತದೆ.

ಓದುಗರೂ ಮಾಡಬಹುದಾದ ಒಂದು ಕೆಲಸ ಇದೆ. ನಿಮ್ಮೂರ ನಾಟಕದ ಕರಪತ್ರ ಅಚ್ಚು ಹಾಕಿಸುವಾಗ ಗಣ್ಯರ ಹೆಸರು ಒಂದೆರಡು ಕಮ್ಮಿ ಮಾಡಿ. ಆ ಜಾಗದಲ್ಲಿ ಸ್ತ್ರೀಪಾತ್ರದವರ, ತಬಲದವರ, ಮೇಕಪ್‌ನವರ, ಮೆರವಣಿಗೆಯ ತಮಟೆ ತಂಡದವರ ಹೆಸರು ಪೂರ್ತಿಯಾಗಿ ಹಾಕಿಸಿ. ಒಂದು ಪ್ರತಿಯನ್ನ ಅವರ ಕೈಗೂ ಕೊಡಿ. ಮುಂದೊಂದು ದಿನ ಮಾಸಾಶನದ ಅರ್ಜಿ ಹಾಕುವಾಗ ಅವರ ಹತ್ರ ಇರೋ ದಾಖಲೆ ಅದೊಂದೇ ಆಗಿರಬಹುದು.